ಸ್ಕೋಪ್ ಕೂರುವ ಜಾಗ: ರೈಫಲ್‌ಗೆ ಮೌಂಟ್ ಆರಿಸುವ ಬಗೆ

(ಹವ್ಯಾಸಿ ಗುರಿಕಾರರಿಗಾಗಿ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತು ಮುಗಿದ ಮೇಲೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

ಎಲ್ಲರಿಗೂ ನಮಸ್ಕಾರ.

ಮೇಜಿನ ಮೇಲೆ ಮೂರು ವಸ್ತುಗಳಿವೆ: ಒಂದು ಸ್ಪ್ರಿಂಗ್ ಏರ್‌ರೈಫಲ್, ಗುರಿ ನೋಡುವ ದುರ್ಬೀನಾದ ಒಂದು ಸ್ಕೋಪ್, ಇವೆರಡನ್ನೂ ಹಿಡಿದಿಡುವ ಹಿಡಿಯಷ್ಟು ಅಲ್ಯೂಮಿನಿಯಂ, ಅದೇ ಮೌಂಟ್. ರೈಫಲ್ ಕೊಳ್ಳುವ ಮುಂಚೆ ಜನ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಸ್ಕೋಪ್ ಕೊಳ್ಳುವಾಗಲೂ ಹತ್ತು ಕಡೆ ಕೇಳುತ್ತಾರೆ. ಮೌಂಟ್ ಮಾತ್ರ ಅಂಗಡಿಯವರು ಡಬ್ಬಿಯೊಳಗೆ ಹಾಕಿ ಕೊಟ್ಟದ್ದು. ಆಮೇಲೆ ಪೆಲೆಟ್, ಅಂದರೆ ಏರ್‌ರೈಫಲಿನ ಗುಂಡು, ಚದುರಿದರೆ ಬೈಗುಳ ಸ್ಕೋಪಿಗೆ, ಇಲ್ಲವೆ ಪೆಲೆಟ್ಟಿಗೆ.

ಒಂದು ಲೆಕ್ಕ ಹೇಳುತ್ತೇವೆ. ಸ್ಕೋಪಿನ ಕೊಳವೆಯನ್ನು ಸುತ್ತಿ ಹಿಡಿಯುವ ಮೌಂಟಿನ ಎರಡು ರಿಂಗುಗಳ ನಡುವೆ 100 ಮಿಮೀ ಅಂತರವಿದೆ ಎನ್ನಿ. ಹಿಂದಿನ ರಿಂಗು 0.1 ಮಿಮೀ, ಅಂದರೆ ಒಂದು ಜೆರಾಕ್ಸ್ ಹಾಳೆಯ ದಪ್ಪದಷ್ಟು, ಪಕ್ಕಕ್ಕೆ ಸರಿದರೂ ನೋಟದ ಗೆರೆ ಸಾವಿರಕ್ಕೆ ಒಂದರಷ್ಟು ಓರೆಯಾಗುತ್ತದೆ. ಗುರಿ 10 ಮೀಟರಿನಲ್ಲಿದ್ದರೆ 1 ಸೆಂಮೀ ತಪ್ಪು, 50 ಮೀಟರಿನಲ್ಲಿದ್ದರೆ 5 ಸೆಂಮೀ. ಈ ಸಾವಿರಕ್ಕೆ ಒಂದು ಎಂಬ ಅಳತೆಯೇ ಮಿಲ್. ನಿಮ್ಮ ಸ್ಕೋಪಿನ ಟರೆಟ್, ಅಂದರೆ ಗುರಿ ಹೊಂದಿಸುವ ತಿರುಗುಗುಬ್ಬಿಯ ಮೇಲೆ ಎಂ.ಓ.ಎ. (ಡಿಗ್ರಿಯ ಅರವತ್ತರಲ್ಲೊಂದು ಪಾಲು) ಎಂದು ಬರೆದಿದ್ದರೆ 1 ಮಿಲ್‌ಗೆ ಸುಮಾರು 3.44 ಎಂ.ಓ.ಎ. ಎಂದು ಲೆಕ್ಕ ಹಿಡಿಯಿರಿ. ಇವತ್ತಿನ ಮಾತೆಲ್ಲ ಆ ಒಂದು ಹಾಳೆಯ ದಪ್ಪದ ಸುತ್ತಲೇ.

ಉದಾಹರಣೆಗೆ ಸ್ಪ್ರಿಂಗ್ ಏರ್‌ರೈಫಲನ್ನು ಆರಿಸಲು ಎರಡು ಕಾರಣಗಳಿವೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಬೋರ್ (ಬ್ಯಾರೆಲಿನ ಒಳ ಅಗಲ) 4.5 ಮಿಮೀ ಮೀರದ, ಶಕ್ತಿ 20 ಜೂಲ್ ಮೀರದ ಏರ್‌ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಇದೇ. ಎರಡನೆಯದು, ಮೌಂಟಿಗೆ ಇದರಷ್ಟು ಕಾಟ ಕೊಡುವ ರೈಫಲ್ ಇನ್ನೊಂದಿಲ್ಲ. ಇದರ ಮೇಲೆ ಸ್ಕೋಪನ್ನು ಅಲುಗದಂತೆ ಕೂರಿಸಲು ಕಲಿತವರಿಗೆ ಹಿಡಿ ಎಳೆದು ಗುಂಡು ತುಂಬುವ .22 (ಇಂಚು ಬೋರಿನ) ಬೋಲ್ಟ್ ರೈಫಲ್ ಸುಲಭ. ಇನ್ನೊಂದನ್ನು ಮೊದಲೇ ಹೇಳಿಬಿಡಬೇಕು: ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐ.ಎಸ್.ಎಸ್.ಎಫ್. ನಿಯಮದ 10 ಮೀಟರ್ ಏರ್‌ರೈಫಲ್, 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಸ್ಕೋಪಿಗೆ ಅವಕಾಶವಿಲ್ಲ, ಅಲ್ಲಿ ಸಣ್ಣ ತೂತಿನ ಮೂಲಕ ನೋಡುವ ಪೀಪ್ ಸೈಟ್ ಮಾತ್ರ. ಆ ದಾರಿಯಲ್ಲಿ ಹೋಗುವ ಮಕ್ಕಳಿಗೆ ಸ್ಕೋಪ್ ಕೊಡಿಸಬೇಡಿ.

ಮೊದಲು ರೈಲು

ರೈಲು ಎಂದರೆ ರೈಫಲಿನ ನೆತ್ತಿಯಲ್ಲಿ ಮೌಂಟ್ ಕಚ್ಚಿಕೊಳ್ಳುವ ಭಾಗ. ಮೌಂಟ್ ಕೊಳ್ಳುವ ಮುಂಚೆ ವರ್ನಿಯರ್ ಕ್ಯಾಲಿಪರ್ ಕೊಳ್ಳಿ. ಏರ್‌ರೈಫಲ್ ಮತ್ತು .22 ರೈಫಲ್‌ಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಡವ್‌ಟೇಲ್, ಅಂದರೆ ಉದ್ದಕ್ಕೂ ಕೊರೆದ ಎರಡು ಓರೆ ಗಾಡಿಗಳು (ತೋಡುಗಳು). ಎಲ್ಲರೂ ಇದನ್ನು 11 ಮಿಮೀ ಎಂದೇ ಕರೆಯುತ್ತಾರೆ. ಅಳೆದು ನೋಡಿದರೆ 9.5ರಿಂದ 13 ಮಿಮೀ ದಾಟುವವರೆಗೂ ಸಿಗುತ್ತವೆ. ಗಾಡಿಯ ಓರೆಯೂ ಒಂದೇ ಅಲ್ಲ, ಕೆಲವದರಲ್ಲಿ 45 ಡಿಗ್ರಿ, ಕೆಲವದರಲ್ಲಿ 60. ರೈಲಿನ ಓರೆ ಒಂದು, ಅದನ್ನು ಕಚ್ಚುವ ಮೌಂಟಿನ ದವಡೆಯ ಓರೆ ಇನ್ನೊಂದು ಆದರೆ ಹಿಡಿತ ಇಡೀ ಮುಖದ ಮೇಲೆ ಬೀಳದೆ ಒಂದು ಅಂಚಿನ ಮೇಲೆ ಬೀಳುತ್ತದೆ. ತಿರುಪು ಬಿಗಿಯಾದಂತೆ ಕೈಗೆ ಅನಿಸುತ್ತದೆ, ಆದರೆ ನೂರು ಪೆಲೆಟ್ ಹೊಡೆಯುವಷ್ಟರಲ್ಲಿ ಅಂಚು ಬಣ್ಣ ಕಿತ್ತು, ಲೋಹ ತಿಂದು, ಸಡಿಲವಾಗಿರುತ್ತದೆ. ಮೌಂಟ್ ಬಿಚ್ಚಿದಾಗ ರೈಲಿನ ಮೇಲೆ ಕೂದಲೆಳೆಯಂಥ ಹೊಳೆಯುವ ಗೀರು ಕಂಡರೆ ಇದೇ ಕಾಯಿಲೆ. ಅಗಲವಾದ ಮಸುಕು ಪಟ್ಟಿ ಕಂಡರೆ ದವಡೆ ಸರಿಯಾಗಿ ಕೂತಿದೆ. ಕೆಲವು ಮೌಂಟುಗಳ ದವಡೆಯನ್ನು ತಿರುವಿ ಹಾಕಬಹುದು, ಎರಡು ಕಡೆಗೆ ಎರಡು ಓರೆ ಇರುತ್ತದೆ. ಅಂಥದನ್ನೇ ಹುಡುಕಿ.

ದೊಡ್ಡ ರೈಫಲ್‌ಗಳಲ್ಲಿ ಡವ್‌ಟೇಲಿನ ಅಳತೆ ಕಂಪನಿಯ ಸ್ವಂತದ್ದು. ಟಿಕ್ಕಾ ಟಿ3ಎಕ್ಸ್ ಮೇಲಿರುವುದು 17 ಮಿಮೀ, ಸಿಝಡ್ 550ರದ್ದು 19 ಮಿಮೀ. ಸಿಝಡ್ 457 ಎಂಬ .22ರ ಮೇಲಿರುವುದು ನಮ್ಮ ಪರಿಚಯದ 11.

ಇನ್ನೊಂದು ಜಾತಿ ಅಡ್ಡ ಗಾಡಿಗಳ ರೈಲು. ವೀವರ್ ಹಳೆಯದು, ಅದರ ಗಾಡಿಯ ಅಗಲ 4.57 ಮಿಮೀ, ಗಾಡಿಗಳ ನಡುವಿನ ಅಂತರಕ್ಕೆ ಗೊತ್ತಾದ ಲೆಕ್ಕವಿಲ್ಲ. ಪಿಕಟಿನಿ ರೈಲಿಗೆ ಅಮೆರಿಕದ ಸೇನೆ 1995ರಲ್ಲಿ ಪ್ರಮಾಣ ಕಟ್ಟಿತು. ನ್ಯೂಜೆರ್ಸಿಯ ಪಿಕಟಿನಿ ಆರ್ಸೆನಲ್‌ನಿಂದ ಬಂದ ಹೆಸರು ಅದು. ಅದರ ಗಾಡಿ 5.23 ಮಿಮೀ, ಒಂದು ಗಾಡಿಯ ನಡುವಿನಿಂದ ಮುಂದಿನದರ ನಡುವಿಗೆ 10.01 ಮಿಮೀ. ಇದರಿಂದ ಆಗುವುದಿಷ್ಟು: ವೀವರ್ ರಿಂಗಿನ ಅಡ್ಡಪಟ್ಟಿ ಪಿಕಟಿನಿ ಗಾಡಿಯೊಳಗೆ ಇಳಿಯುತ್ತದೆ, ಆದರೆ ಅರ್ಧ ಮಿಲಿಮೀಟರಿಗೂ ಹೆಚ್ಚು ಸಡಿಲ ಉಳಿಯುತ್ತದೆ. ಪಿಕಟಿನಿಯ ಅಡ್ಡಪಟ್ಟಿ ವೀವರ್ ಗಾಡಿಗೆ ಇಳಿಯುವುದೇ ಇಲ್ಲ. ಅರದಿಂದ ಉಜ್ಜಿ ಇಳಿಸಲು ಹೋಗಬೇಡಿ, ಆ ಪಟ್ಟಿಯೇ ಒದೆತ ತಡೆಯುವ ಅಡ್ಡಗಲ್ಲು.

ಸಡಿಲ ಉಳಿದರೆ ಏನು ಮಾಡಬೇಕು? ಬಿಗಿಯುವ ಮುಂಚೆ ಪಟ್ಟಿಯನ್ನು ಗಾಡಿಯ ಒಂದು ಗೋಡೆಗೆ ಒತ್ತಿ ಹಿಡಿಯಬೇಕು. ಯಾವ ಗೋಡೆಗೆ ಎಂಬುದರಲ್ಲೇ ಎಲ್ಲ ಇದೆ.

ಒದೆತ ಯಾವ ಕಡೆಗೆ?

ಮದ್ದಿನ ರೈಫಲ್ ಹಿಂದಕ್ಕೆ ಒದೆಯುತ್ತದೆ. ರೈಫಲ್ ಹಿಂದೆ ಹೋದರೂ ಸ್ಕೋಪ್ ಇದ್ದಲ್ಲೇ ಇರಲು ನೋಡುತ್ತದೆ. ಅಂದರೆ ರೈಲಿನ ಲೆಕ್ಕದಲ್ಲಿ ಅದು ಮುಂದಕ್ಕೆ ಜಾರುತ್ತದೆ. ಅದಕ್ಕೆ ಮೌಂಟನ್ನು ಬ್ಯಾರೆಲಿನ ಬಾಯಿಯ ಕಡೆಗೆ, ಮುಂದಿನ ಗೋಡೆಗೆ ಒತ್ತಿ ಬಿಗಿಯಬೇಕು.

ಸ್ಪ್ರಿಂಗ್ ಏರ್‌ರೈಫಲಿನಲ್ಲಿ ನಡೆಯುವುದೇ ಬೇರೆ. ಟ್ರಿಗರ್ ಒತ್ತಿದಾಗ ಒಳಗಿನ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಸರಿಯುತ್ತದೆ. ಪಿಸ್ಟನ್ ಕೊಳವೆಯ ತುದಿಗೆ ಬಂದು ಗಾಳಿಯ ಮೆತ್ತೆಯ ಮೇಲೆ ತಟ್ಟನೆ ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೆಯ ಜಗ್ಗು ಮೊದಲಿನದಕ್ಕಿಂತ ಚೂಪು. ಭುಜಕ್ಕೆ ಏನೂ ಅನಿಸುವುದಿಲ್ಲ, ಸ್ಕೋಪಿಗೆ ಮಾತ್ರ ಸುತ್ತಿಗೆಯ ಏಟು. ರೈಫಲ್ ಮುಂದೆ ಜಿಗಿದಾಗ ಸ್ಕೋಪ್ ಹಿಂದೆ ಉಳಿಯುತ್ತದೆ, ಏಟಿಗೊಂದು ಕೂದಲಿನಷ್ಟು ಕಣ್ಣಿನ ಕಡೆಗೆ ಜಾರುತ್ತ ಬರುತ್ತದೆ. ಹಾಗಾಗಿ ಇಲ್ಲಿ ಮೌಂಟನ್ನು ಹಿಂದಕ್ಕೆ ಒತ್ತಿ ಬಿಗಿಯಬೇಕು. ಮದ್ದಿನ ರೈಫಲಿಗೆಂದು ಬರೆದ ಸಲಹೆಯನ್ನು ಓದಿ ಏರ್‌ರೈಫಲಿಗೆ ಮುಂದಕ್ಕೆ ಒತ್ತಿ ಬಿಗಿಯುವವರು ಬಹಳ. ಬರೀ ಹಿಂದಕ್ಕಿನ ಒದೆತವನ್ನು ಲೆಕ್ಕಕ್ಕೆ ಹಿಡಿದು ಮಾಡಿದ ಸ್ಕೋಪುಗಳ ಒಳಗಿನ ಮಸೂರ, ಕ್ರಾಸ್‌ಹೇರ್ (ಗುರಿಯಿಡುವ ಅಡ್ಡ-ಉದ್ದ ಗೆರೆಗಳು) ಕೂಡ ಈ ಎರಡು ಕಡೆಯ ಜಗ್ಗಿಗೆ ಕಳಚಿಕೊಳ್ಳುತ್ತವೆ. ಏರ್‌ಗನ್ನಿಗೆ ತಕ್ಕದ್ದು ಎಂದು ತಯಾರಕರು ಹೇಳಿರುವ ಸ್ಕೋಪನ್ನೇ ತನ್ನಿ.

ಡವ್‌ಟೇಲಿನಲ್ಲಿ ಅಡ್ಡ ಗೋಡೆ ಇಲ್ಲ, ಬರೀ ತಿಕ್ಕಾಟದ ಹಿಡಿತ. ಅದಕ್ಕೇ ರೈಲಿನ ಹಿಂಭಾಗದಲ್ಲಿ ಒಂದೋ ಎರಡೋ ಮೂರೋ ಕುಳಿ ಕೊರೆದಿರುತ್ತಾರೆ. ಮೌಂಟಿನ ಹೊಟ್ಟೆಯಲ್ಲಿರುವ ಸ್ಟಾಪ್ ಪಿನ್ ಆ ಕುಳಿಗೆ ಇಳಿಯಬೇಕು. ಪಿನ್ ಕುಳಿಯ ತಳಕ್ಕೆ ತಾಗಿ ಮೌಂಟನ್ನೇ ಎತ್ತಿಬಿಟ್ಟರೆ ದವಡೆ ಕೂರುವುದಿಲ್ಲ. ಇಳಿಸಿ, ತಳಕ್ಕೆ ತಾಗಿಸಿ, ಕಾಲು ಸುತ್ತು ಮೇಲೆತ್ತಿ ನಿಲ್ಲಿಸಿ. ಕುಳಿಯೇ ಇಲ್ಲದ ರೈಫಲ್ ಆದರೆ ಹಿಂದಿನ ರಿಂಗಿನ ಬೆನ್ನಿಗೆ ಬೇರೆ ಸ್ಟಾಪ್ ತುಂಡನ್ನು ಬಿಗಿಯುತ್ತಾರೆ. ರೈಲಿನ ತುದಿಯಲ್ಲಿ ಲೋಹದ ಗೋಡೆ ಇದ್ದರೆ ಅದಕ್ಕೇ ಆನಿಸಬಹುದು. ಬಿ.ಕೆ.ಎಲ್. ಎಂಬ ಕಂಪನಿಯ ಮೌಂಟುಗಳು ಪಿನ್ ಇಲ್ಲದೆ ಬರೀ ಹಿಡಿತದಿಂದಲೇ ನಿಲ್ಲುವಂತೆ ಮಾಡಿದವು. ಅವು ಕೆಲಸ ಮಾಡುತ್ತವೆ, ಆದರೆ ರೈಲು, ದವಡೆ ಎರಡೂ ಎಣ್ಣೆಯ ಪಸೆ ಇಲ್ಲದೆ ಒಣಗಿರಬೇಕು.

ಸ್ಪ್ರಿಂಗ್ ರೈಫಲಿಗೆ ಒಂದೇ ತುಂಡಿನ ಮೌಂಟ್ ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ರೈಲನ್ನು ಹಿಡಿಯುವ ಉದ್ದ ಹೆಚ್ಚು, ಎರಡು ರಿಂಗುಗಳು ಒಂದೇ ಗೆರೆಯಲ್ಲಿರುತ್ತವೆ. ಅದರ ತೊಂದರೆ ಒಂದೇ: ಸ್ಕೋಪಿನ ಟರೆಟ್ ಗೂಡು ಎರಡು ರಿಂಗುಗಳ ನಡುವೆ ಸಿಕ್ಕಿಕೊಳ್ಳುವುದರಿಂದ ಹಿಂದೆ ಮುಂದೆ ಸರಿಸಲು ಜಾಗ ಕಡಿಮೆ. ಟರೆಟ್ ಗೂಡಿನ ಹಿಂದೆ ಮುಂದೆ ಎಷ್ಟು ನೇರ ಕೊಳವೆ ಇದೆಯೆಂದು ಸ್ಕೋಪಿನ ನಕ್ಷೆಯಲ್ಲಿ ಇರುತ್ತದೆ, ಅದನ್ನು ನೋಡಿಯೇ ಕೊಳ್ಳಿ. ಬ್ಯಾರೆಲ್ ಮಡಿಚುವ ರೈಫಲಿನಲ್ಲಿ ಸ್ಕೋಪಿನ ಮೂಗು ಪೆಲೆಟ್ ತುಂಬುವ ಜಾಗದ ಮೇಲೆ ಚಾಚಿಕೊಂಡರೆ ಬೆರಳು ಹೋಗುವುದಿಲ್ಲ, ಇದನ್ನೂ ಮೊದಲೇ ಅಳೆಯಿರಿ.

ಎತ್ತರ

ರಿಂಗಿನ ಡಬ್ಬಿಯ ಮೇಲೆ ಲೋ, ಮೀಡಿಯಂ, ಹೈ ಎಂದು ಬರೆದಿರುತ್ತದೆ. ಆ ಮಾತುಗಳಿಗೆ ಯಾವ ಪ್ರಮಾಣವೂ ಇಲ್ಲ; ಒಬ್ಬರ ಲೋ ಇನ್ನೊಬ್ಬರ ಮೀಡಿಯಂ. ಮಿಲಿಮೀಟರ್ ಕೇಳಿ. ಅದರಲ್ಲೂ ಒಂದು ಮೋಸಹೋಗುವ ಜಾಗವಿದೆ: ಕೆಲವರು ರೈಲಿನಿಂದ ಕೊಳವೆಯ ನಡುಗೆರೆಗೆ ಅಳೆಯುತ್ತಾರೆ, ಕೆಲವರು ಕೊಳವೆಯ ತಳಕ್ಕೆ. 1 ಇಂಚಿನ, ಅಂದರೆ 25.4 ಮಿಮೀ ಕೊಳವೆಯಲ್ಲಿ ಈ ಎರಡರ ವ್ಯತ್ಯಾಸ 12.7 ಮಿಮೀ, 30 ಮಿಮೀ ಕೊಳವೆಯಲ್ಲಿ 15. ಕೊಳವೆ ಯಾವುದೆಂದು ಅಳೆಯದೆ ರಿಂಗ್ ತರಬೇಡಿ. 30ರ ರಿಂಗಿನಲ್ಲಿ 25.4ರ ಕೊಳವೆಗೆ ರಬ್ಬರ್ ಸುತ್ತಿ ಕೂರಿಸಿದ್ದು ಒಂದು ದಿನವೂ ನಿಲ್ಲುವುದಿಲ್ಲ.

ಬೇಕಾದ ಎತ್ತರ ಹೀಗೆ ಸಿಗುತ್ತದೆ. ಸ್ಕೋಪಿನ ಮುಂದಿನ ಅಗಲ ಬಾಯಿಯ ಹೊರ ಅಳತೆ ತೆಗೆದುಕೊಳ್ಳಿ. 40 ಮಿಮೀ ಮಸೂರವಿದ್ದರೆ ಹೊರ ಅಳತೆ ಸುಮಾರು 48 ಇರುತ್ತದೆ. ಅರ್ಧ ಮಾಡಿದರೆ 24, ಅದಕ್ಕೆ 2 ಮಿಮೀ ಬಿಡುವು ಸೇರಿಸಿ: 26. ರೈಲಿನ ನೆತ್ತಿ ಬ್ಯಾರೆಲಿಗಿಂತ ಮೇಲಿದ್ದರೆ ಅಷ್ಟನ್ನು ಕಳೆಯಿರಿ. ಸ್ಪ್ರಿಂಗ್ ರೈಫಲಿನಲ್ಲಿ ಗಾಡಿಯನ್ನು ಪಿಸ್ಟನ್ ಇರುವ ಕೊಳವೆಯಲ್ಲೇ ಕೊರೆಯುವುದರಿಂದ ಕಳೆಯಲು ಹೆಚ್ಚೇನೂ ಇರುವುದಿಲ್ಲ. ಮಸೂರಕ್ಕೆ ಮುಚ್ಚಳ ಹಾಕುವವರು ಇನ್ನೂ 2-3 ಮಿಮೀ ಕೂಡಿಸಿ. ಬೋಲ್ಟ್ ರೈಫಲಾದರೆ ಬೋಲ್ಟಿನ ಹಿಡಿ ಪೂರ್ತಿ ಮೇಲೇಳುವಾಗ ಸ್ಕೋಪಿನ ಹಿಂಭಾಗಕ್ಕೆ ತಾಗುತ್ತದೆಯೇ ನೋಡಿ.

ಇದು ಕನಿಷ್ಠ ಎತ್ತರ. ಆದರೆ ನಿಜವಾಗಿ ತೀರ್ಮಾನ ಮಾಡಬೇಕಾದದ್ದು ಕೆನ್ನೆ. ಕಣ್ಣು ಮುಚ್ಚಿ ರೈಫಲ್ ಎತ್ತಿ, ಕೆನ್ನೆಯನ್ನು ಸ್ಟಾಕಿನ (ಭುಜಕ್ಕೆ ಆನಿಸುವ ಹಿಂಭಾಗದ) ಮೇಲೆ ಭಾರ ಬಿಟ್ಟು ಇರಿಸಿ, ಕಣ್ಣು ತೆರೆಯಿರಿ. ಕಣ್ಣಿನ ನಡು ರೈಲಿನಿಂದ ಎಷ್ಟು ಮೇಲಿದೆಯೆಂದು ಇನ್ನೊಬ್ಬರು ಸ್ಕೇಲ್ ಹಿಡಿದು ಅಳೆಯಲಿ. ಆ ಅಳತೆಗೂ ಸ್ಕೋಪಿನ ನಡುಗೆರೆಗೂ 3 ಮಿಮೀ ಒಳಗಿನ ಅಂತರವಿದ್ದರೆ ಕೆನ್ನೆ ತಾನೇ ಹೊಂದಿಕೊಳ್ಳುತ್ತದೆ. ಅದಕ್ಕಿಂತ ಮೇಲಾದರೆ ಗಲ್ಲ ಗಾಳಿಯಲ್ಲಿ ತೇಲುತ್ತದೆ, ತಲೆ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತದೆ. ಆಗ ಸ್ಟಾಕಿನ ಮೇಲೆ ಕೆನ್ನೆದಿಂಬು ಬೇಕು. ಇಂಟರ್‌ನೆಟ್ಟಿನಲ್ಲಿ ಕಾಣುವ ಎತ್ತರೆತ್ತರದ ಮೌಂಟುಗಳು ಅಮೆರಿಕದ ಎ.ಆರ್. ಮಾದರಿಯ ರೈಫಲ್‌ಗಳಿಗಾಗಿ ಮಾಡಿದವು. ಅವುಗಳ ಸ್ಟಾಕ್ ಬ್ಯಾರೆಲಿನ ನೇರಕ್ಕೇ ಇರುತ್ತದೆ, ಅಲ್ಲಿ ಎತ್ತರ ಬೇಕೇ ಬೇಕು. ನಮ್ಮ ಮರದ ಸ್ಟಾಕ್ ಇಳಿಜಾರಿನದು, ಅಲ್ಲಿ ಆ ಮೌಂಟಿನಿಂದ ಬರೀ ಕುತ್ತಿಗೆ ನೋವು.

ಎತ್ತರ ಹೆಚ್ಚಾದಷ್ಟೂ ಹತ್ತಿರದ ಗುರಿಗೆ ತಪ್ಪೂ ಹೆಚ್ಚು. ಸೆಕೆಂಡಿಗೆ 240 ಮೀಟರ್ ಹೋಗುವ .177 ಪೆಲೆಟ್, 25 ಮೀಟರಿಗೆ ಝೀರೋ, ಅಂದರೆ ಅಲ್ಲಿ ಗುರಿಯಿಟ್ಟಲ್ಲೇ ಬೀಳುವಂತೆ ಹೊಂದಿಸಿದೆ ಎನ್ನಿ. ಸ್ಕೋಪಿನ ನಡುಗೆರೆ ಬ್ಯಾರೆಲಿನ ನಡುಗೆರೆಯಿಂದ 45 ಮಿಮೀ ಮೇಲಿದ್ದರೆ 10 ಮೀಟರಿನಲ್ಲಿ ಪೆಲೆಟ್ ಸುಮಾರು 12 ಮಿಮೀ ಕೆಳಗೆ ಬೀಳುತ್ತದೆ. 55 ಮಿಮೀ ಮೇಲಿದ್ದರೆ ಸುಮಾರು 18. ಚಿಕ್ಕ ಗುರಿಗೆ ಇದು ಪೂರ್ತಿ ತಪ್ಪು.

ಬ್ಯಾರೆಲ್ ಬಾಗಿದ ರೈಫಲ್

ಬ್ಯಾರೆಲ್ ಮಡಿಚುವ ರೈಫಲ್‌ಗಳಲ್ಲಿ ಬ್ಯಾರೆಲ್ ರೈಲಿಗೆ ಸರಿಸಮವಾಗಿ ಇರದೆ ತುಸು ಕೆಳಮುಖವಾಗಿರುವುದು ಬಹಳ ಸಾಮಾನ್ಯ. ತೆರೆದ ಸೈಟಿನಲ್ಲಿ ಇದು ಗೊತ್ತಾಗುವುದಿಲ್ಲ, ಯಾಕೆಂದರೆ ಮುಂದಿನ ಸೈಟೂ ಬ್ಯಾರೆಲಿನ ಮೇಲೇ ಇರುತ್ತದೆ. ಸ್ಕೋಪ್ ಹಾಕಿದ ದಿನ ಪೆಲೆಟ್ ಗುರಿಯ ಹಾಳೆಯನ್ನೇ ಬಿಟ್ಟು ಕೆಳಗೆ ಹೋಗುತ್ತದೆ.

ಎಷ್ಟು ಬಾಗಿದೆಯೆಂದು ಅಳೆಯುವ ಬಗೆ: ಎತ್ತರದ ಟರೆಟ್ಟನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ಲಿಕ್ ಎಣಿಸುತ್ತ ತಿರುಗಿಸಿ, ಅರ್ಧಕ್ಕೆ ತಂದು ನಿಲ್ಲಿಸಿ. ತುದಿಯಲ್ಲಿ ಒತ್ತಾಯ ಮಾಡಬೇಡಿ. 20 ಮೀಟರಿನಲ್ಲಿ ದೊಡ್ಡ ರಟ್ಟಿನ ಮೇಲ್ಭಾಗಕ್ಕೆ ಗುರಿಯಿಟ್ಟು ಐದು ಹೊಡೆಯಿರಿ. ಗುರಿಯ ಚುಕ್ಕೆಯಿಂದ 180 ಮಿಮೀ ಕೆಳಗೆ ಬಿದ್ದವು ಎನ್ನಿ. ಇದರಲ್ಲಿ 80 ಮಿಮೀಯಷ್ಟು ಸಹಜ, ಸ್ಕೋಪಿನ ಎತ್ತರ 45, ಪೆಲೆಟ್ಟಿನ ಸ್ವಂತ ಇಳಿತ ಸುಮಾರು 37. ಉಳಿದ 100 ಬಾಗಿನದು. ಕಾರಣ ಯಾವುದೇ ಆಗಲಿ, ಒಟ್ಟು ಏರಿಸಬೇಕಾದದ್ದು 20,000ಕ್ಕೆ 180, ಅಂದರೆ 9 ಮಿಲ್, ಸುಮಾರು 31 ಎಂ.ಓ.ಎ. ನಿಮ್ಮ ಸ್ಕೋಪಿನ ಟರೆಟ್ ತುದಿಯಿಂದ ತುದಿಗೆ ತಿರುಗುವ ಒಟ್ಟು ಓಟ 60 ಎಂ.ಓ.ಎ. ಇದ್ದರೆ ನಡುವಿನಿಂದ ಮೇಲಕ್ಕೆ 30 ಮಾತ್ರ. ಝೀರೋ ಆಗುವುದೇ ಇಲ್ಲ.

ಅದಕ್ಕಿಂತ ಕೆಟ್ಟದ್ದು ಓಟ ಸ್ವಲ್ಪದರಲ್ಲಿ ಸಾಕಾಗಿಬಿಡುವುದು. ಸ್ಕೋಪಿನೊಳಗೆ ಕ್ರಾಸ್‌ಹೇರ್ ಹೊತ್ತ ಸಣ್ಣ ಕೊಳವೆಯನ್ನು ಒಂದು ಸ್ಪ್ರಿಂಗ್ ಟರೆಟ್ಟಿನ ಮೊಳೆಗೆ ಒತ್ತಿ ಹಿಡಿದಿರುತ್ತದೆ. ಏರಿಸುತ್ತ ಏರಿಸುತ್ತ ತುದಿಗೆ ಬಂದಾಗ ಆ ಸ್ಪ್ರಿಂಗಿನ ಒತ್ತು ಸಡಿಲವಾಗುತ್ತದೆ. ಮೇಲೆ ಎಲ್ಲ ಬಿಗಿ, ಒಳಗೆ ಕ್ರಾಸ್‌ಹೇರ್ ಏಟಿಗೊಂದು ಕಡೆ. ಎಷ್ಟೋ ಜನ ಈ ಹಂತದಲ್ಲಿ ಒಳ್ಳೆಯ ಸ್ಕೋಪನ್ನು ಮಾರಿಬಿಡುತ್ತಾರೆ. ಮಾರುವ ಮುಂಚೆ ಟರೆಟ್ ತುದಿಯಿಂದ ಎಷ್ಟು ದೂರದಲ್ಲಿದೆ ಎಣಿಸಿ ನೋಡಿ ಎಂದು ನಾವು ಕೈ ಮುಗಿದು ಹೇಳುತ್ತೇವೆ.

ಪರಿಹಾರ ಹಿಂಭಾಗ ಎತ್ತರವಾದ ಮೌಂಟ್. 20 ಎಂ.ಓ.ಎ. ಎಂದು ಬರೆದ ರೈಲು ಅಥವಾ ಮೌಂಟ್ ಪ್ರತಿ 100 ಮಿಮೀ ಉದ್ದಕ್ಕೆ ಹಿಂದೆ 0.58 ಮಿಮೀ ಏರಿರುತ್ತದೆ. ಮೇಲಿನ ಉದಾಹರಣೆಯಲ್ಲಿ ಅದನ್ನು ಹಾಕಿದರೆ ಟರೆಟ್ಟಿನಿಂದ ಬೇಕಾಗುವುದು 11 ಮಾತ್ರ, ಸ್ಪ್ರಿಂಗ್ ನೆಮ್ಮದಿಯಾಗಿರುತ್ತದೆ. ತಿರುಗುಮುರುಗಾಗಿ ಹಾಕಿದರೆ 40 ಎಂ.ಓ.ಎ. ತಪ್ಪಾಗುತ್ತದೆ, ಎತ್ತರದ ಕಡೆ ಕಣ್ಣಿನತ್ತ ಎಂದು ನೆನಪಿಡಿ. ಸ್ಪೋರ್ಟ್ಸ್‌ಮ್ಯಾಚ್‌ನಂಥವರ ಏರಿಸಿ ಇಳಿಸುವ ರಿಂಗುಗಳೂ, ಒಳಗೆ ಉರುಳುವ ಪ್ಲಾಸ್ಟಿಕ್ ಬಳೆ ಇರುವ ಬರ್ರಿಸ್ ಸಿಗ್ನೇಚರ್ ರಿಂಗುಗಳೂ ಇದೇ ಕೆಲಸ ಮಾಡುತ್ತವೆ.

ತಂಪು ಪಾನೀಯದ ಡಬ್ಬಿ ಕತ್ತರಿಸಿ ಹಿಂದಿನ ರಿಂಗಿನ ಕೆಳಗೆ ಪಟ್ಟಿ ಇಡುವ ರೂಢಿ ಇದೆ. ಒಂದು ಪಟ್ಟಿ 0.1 ಮಿಮೀ, 1 ಮಿಲ್. ಅಷ್ಟಕ್ಕೆ ನಡೆದೀತು. 0.9 ಮಿಮೀ ಪೇರಿಸಿದರೆ ರಿಂಗಿಗೂ ಕೊಳವೆಗೂ 9 ಮಿಲ್ ಓರೆ; 15 ಮಿಮೀ ಅಗಲದ ರಿಂಗಿನಲ್ಲಿ ಒಂದು ಅಂಚು ಇನ್ನೊಂದಕ್ಕಿಂತ 0.13 ಮಿಮೀ ಹೆಚ್ಚು ಕಚ್ಚುತ್ತದೆ. ಕೊಳವೆ ತಗ್ಗಾಗುತ್ತದೆ, ಒಳಗಿನ ಮಸೂರಗಳು ಗೆರೆ ತಪ್ಪುತ್ತವೆ.

ಕೂರಿಸುವ ಕ್ರಮ

ರೈಫಲ್ ಖಾಲಿಯಿದೆಯೆಂದು ನೋಡಿ, ಮತ್ತೊಮ್ಮೆ ನೋಡಿ. ರೈಲು, ದವಡೆ, ರಿಂಗಿನ ಒಳಮೈ, ತಿರುಪುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ. ಮೌಂಟಿನ ಬುಡ ಬಿಗಿಯಿರಿ. ಸ್ಕೋಪನ್ನು ರಿಂಗುಗಳೊಳಗೆ ಇಟ್ಟು ಮೇಲಿನ ಅರ್ಧವನ್ನು ಸಡಿಲವಾಗಿ ಹಾಕಿ.

ಜೂಮ್ ಇದ್ದರೆ ಅತಿ ಹೆಚ್ಚಿನದಕ್ಕೆ ತಿರುಗಿಸಿ, ಕಣ್ಣಿನ ಜಾಗ ಅಲ್ಲೇ ಅತಿ ಇಕ್ಕಟ್ಟು. ನೀವು ಯಾವ ಭಂಗಿಯಲ್ಲಿ ಹೊಡೆಯುತ್ತೀರೋ ಅದೇ ಭಂಗಿಯಲ್ಲಿ, ಕಣ್ಣು ಮುಚ್ಚಿ ತೆರೆದು, ಸುತ್ತ ಕಪ್ಪು ನೆರಳಿಲ್ಲದೆ ಪೂರ್ತಿ ಚಿತ್ರ ಕಾಣುವವರೆಗೆ ಸರಿಸಿ. ಮಲಗಿ ಹೊಡೆಯುವಾಗ ತಲೆ ನಿಂತಾಗಿನದಕ್ಕಿಂತ ಮುಂದೆ ಹೋಗುತ್ತದೆ. ಜೋರಾಗಿ ಒದೆಯುವ ರೈಫಲಿನಲ್ಲಿ ಕಣ್ಣಿಗೂ ಸ್ಕೋಪಿಗೂ 80-90 ಮಿಮೀ ಇರಲೇಬೇಕು, ಇಲ್ಲದಿದ್ದರೆ ಹುಬ್ಬು ಒಡೆಯುತ್ತದೆ.

ಆಮೇಲೆ ಲಂಬ. ಗಾರೆ ಕೆಲಸದವರ ತೂಕದ ಗುಂಡನ್ನು 20 ಮೀಟರಿನಾಚೆ ನೇತುಹಾಕಿ. ರೈಲಿನ ಮೇಲೆ ಚಿಕ್ಕ ರಸಮಟ್ಟ ಇಟ್ಟು ರೈಫಲನ್ನು ಸಮ ಮಾಡಿ, ಕ್ರಾಸ್‌ಹೇರಿನ ನಿಂತ ಗೆರೆ ಆ ದಾರದ ಮೇಲೆ ಬೀಳುವಂತೆ ಸ್ಕೋಪನ್ನು ಉರುಳಿಸಿ. ಸ್ಕೋಪ್ 3 ಡಿಗ್ರಿ ವಾಲಿದ್ದರೆ 10 ಮಿಲ್ ಏರಿಸಿದಾಗ ಪಕ್ಕಕ್ಕೆ 0.5 ಮಿಲ್ ಹೋಗುತ್ತದೆ. ಗಾಳಿಯೇ ಇಲ್ಲದ ದಿನವೂ ಗಾಳಿಯನ್ನು ದೂರುವುದು ಇದರಿಂದಲೇ.

ತಿರುಪುಗಳನ್ನು ಮೂಲೆಯಿಂದ ಮೂಲೆಗೆ, ಅರ್ಧ ಅರ್ಧ ಸುತ್ತು ಬಿಗಿಯುತ್ತ ಬನ್ನಿ. ಎರಡೂ ಬದಿಯ ಸಂದು ಸಮನಾಗಿರಬೇಕು. ಒಂದು ಬದಿ ಮುಚ್ಚಿಕೊಂಡರೆ ಸ್ಕೋಪ್ ಉರುಳಿಬಿಡುತ್ತದೆ, ಮಾಡಿದ ಲಂಬವೆಲ್ಲ ಹೋಯಿತು. ರಿಂಗಿನ ಮೇಲ್ಭಾಗದ ತಿರುಪುಗಳಿಗೆ ಸಾಮಾನ್ಯವಾಗಿ ಹೇಳುವ ಬಿಗಿ 1.7ರಿಂದ 2 ನ್ಯೂಟನ್-ಮೀಟರ್, ಅಂದರೆ 15-18 ಇಂಚ್-ಪೌಂಡ್. ತಯಾರಕರು ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಟಾರ್ಕ್ ರೆಂಚ್ ಇಲ್ಲದವರು ಹೀಗೆ ಅಂದಾಜು ಮಾಡಬಹುದು: 75 ಮಿಮೀ ಉದ್ದದ ಅಲೆನ್ ಕೀಯ ತುದಿಯಲ್ಲಿ ಸುಮಾರು ಎರಡೂವರೆ ಕಿಲೋ ತೂಕದಷ್ಟು ಒತ್ತು. ಮಣಿಕಟ್ಟಿನ ಬಲ ಹಾಕಿದರೆ ಅದರ ಎರಡು ಪಟ್ಟಾಗುತ್ತದೆ. ತಿರುಪಿಗೆ ಎಣ್ಣೆ ಹಚ್ಚಬೇಡಿ. ಅದೇ ಟಾರ್ಕಿಗೆ (ತಿರುಚುವ ಬಲಕ್ಕೆ) ಹಿಡಿತ ಬಹಳ ಏರಿ ಕೊಳವೆ ತಗ್ಗಾಗುತ್ತದೆ. ತಿರುಪು ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರನ್ನು, ರೈಲನ್ನು ರೈಫಲಿಗೆ ಕೂರಿಸುವ ತಿರುಪುಗಳಿಗೆ ಒಂದು ಹನಿ ಹಾಕಿ, ರಿಂಗಿನ ಮೇಲ್ಭಾಗಕ್ಕೆ ಬೇಡ.

ಕೊನೆಗೆ ಉಗುರುಬಣ್ಣದಿಂದ ರೈಲು-ಮೌಂಟ್ ಸಂದಿಗೆ ಒಂದು, ಮೌಂಟ್-ಕೊಳವೆ ಸಂದಿಗೆ ಒಂದು ಸಣ್ಣ ಗೆರೆ ಎಳೆಯಿರಿ. 50 ಪೆಲೆಟ್ ಆದ ಮೇಲೆ ನೋಡಿ. ಮೊದಲ ಗೆರೆ ಮುರಿದಿದ್ದರೆ ಬುಡ ಜಾರಿದೆ, ಎರಡನೆಯದು ಮುರಿದಿದ್ದರೆ ಸ್ಕೋಪ್ ರಿಂಗಿನೊಳಗೆ ಜಾರಿದೆ. ಎರಡೂ ಸರಿಯಿದ್ದೂ ಪೆಲೆಟ್ ಎರಡು ಬೇರೆ ಗುಂಪಾಗಿ ಬೀಳುತ್ತಿದ್ದರೆ ಮೊದಲು ಸ್ಟಾಕಿನ ತಿರುಪುಗಳನ್ನು ನೋಡಿ, ಸ್ಕೋಪನ್ನು ಅನುಮಾನಿಸುವುದು ಆಮೇಲೆ.

ಸಭಿಕರ ಪ್ರಶ್ನೆಗಳು

ಉಕ್ಕಿನದೋ ಅಲ್ಯೂಮಿನಿಯಮ್ಮೋ? ಏರ್‌ರೈಫಲಿಗೂ .22ಕ್ಕೂ ಅಲ್ಯೂಮಿನಿಯಂ ಸಾಕು. 7075 ಎಂಬ ಅಲ್ಯೂಮಿನಿಯಂ ಮಿಶ್ರಲೋಹ 6061 ಎಂಬುದಕ್ಕಿಂತ ಬಹಳ ಗಟ್ಟಿ, ತಿರುಪಿನ ಎಳೆ ಬೇಗ ಸವೆಯುವುದಿಲ್ಲ. ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ಅಲ್ಯೂಮಿನಿಯಮ್ಮಿಗೆ ಏನೂ ಆಗುವುದಿಲ್ಲ, ಅದರೊಳಗಿನ ಉಕ್ಕಿನ ತಿರುಪಿಗೆ ತುಕ್ಕು ಹಿಡಿಯುತ್ತದೆ. ತಿರುಪಿನ ತಲೆಗೆ ಮಾತ್ರ, ಬಿಗಿದ ಮೇಲೆ, ಬಟ್ಟೆಯಿಂದ ಎಣ್ಣೆ ಸವರಿ.

ತೆಗೆದು ಹಾಕುವ ಲಿವರ್ ಮೌಂಟ್ ಒಳ್ಳೆಯದೇ? ಒಳ್ಳೆಯ ಪಿಕಟಿನಿ ರೈಲಿನ ಮೇಲೆ ಒಳ್ಳೆಯ ಲಿವರ್ ಮೌಂಟ್ ಮತ್ತೆ ಝೀರೋಗೆ ಹತ್ತಿರವೇ ಬರುತ್ತದೆ, ಪ್ರತಿ ಸಲ ಅದೇ ಗಾಡಿಗೆ, ಅದೇ ಗೋಡೆಗೆ ಒತ್ತಿ ಹಾಕಿದರೆ. ಸ್ಪ್ರಿಂಗ್ ರೈಫಲಿನ ಡವ್‌ಟೇಲಿಗೆ ಬೇಡ.

ಮನೆಯಲ್ಲಿರುವ ಹಳೆಯ ಕೋವಿಗೆ ತೂತು ಕೊರೆಸಿ ಸ್ಕೋಪ್ ಹಾಕಿಸಬಹುದೇ? ಕೊಡವರ ಕೈಲ್‌ಪೊಳ್ದ್ ಹಬ್ಬದ ದಿನ ಪೂಜೆಗೆ ಇಡುವ ಕೋವಿಗೆ ದಯವಿಟ್ಟು ಬೇಡ. .315 ಬೋರಿನ ಲೀ-ಎನ್‌ಫೀಲ್ಡ್ ಮಾದರಿಯ ರೈಫಲ್ ಆದರೆ, ಅದರ ನೆತ್ತಿ ಮಟ್ಟಸವಾಗಿಲ್ಲ, ಸ್ಕೋಪಿಗೆಂದು ಮಾಡಿದ್ದೂ ಅಲ್ಲ. ಬ್ರಿಟಿಷ್ ಸೇನೆಯ ನಂ. 4 ಎಂಕೆ 1 (ಟಿ) ರೈಫಲಿನಲ್ಲೇ ಎಡಬದಿಗೆ ಎರಡು ಪ್ಯಾಡ್ ಕೂರಿಸಿ, ಪಕ್ಕದಿಂದ ಮೌಂಟ್ ಹಿಡಿಸಿ ನಂ. 32 ಸ್ಕೋಪ್ ಹಾಕಿದರು. ಅದನ್ನು ಹಾಲೆಂಡ್ ಅಂಡ್ ಹಾಲೆಂಡ್‌ನಂಥ ಬಂದೂಕು ತಯಾರಕರು ಒಂದೊಂದಾಗಿ ಹೊಂದಿಸಿ ಕೊಡಬೇಕಾಯಿತು. ಗಟ್ಟಿ ಉಕ್ಕಿನ ಮೇಲೆ ಡ್ರಿಲ್ ಬಿಟ್ ಜಾರಿ ತೂತು 0.3 ಮಿಮೀ ಓರೆಯಾದರೂ 100 ಮಿಮೀ ಬುಡಕ್ಕೆ 3 ಮಿಲ್ ತಪ್ಪು, 100 ಮೀಟರಿನಲ್ಲಿ 30 ಸೆಂಮೀ. ತೂತಿಲ್ಲದೆ ಹಿಡಿಯುವ ಮೌಂಟ್ ಸಿಕ್ಕರೆ ಅದನ್ನೇ ಹಾಕಿ. ಕೊರೆಯಲೇಬೇಕಾದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ, ಮಿಲ್ಲಿಂಗ್ ಮೆಷಿನ್ನಿಗೆ ಕಟ್ಟಿ ಕೊರೆಯುತ್ತಾರೆಯೇ ಎಂದು ಕೇಳಿಕೊಂಡು ಕೊಡಿ. ಕೈ ಡ್ರಿಲ್ ಎಂದರೆ ಕೋವಿ ವಾಪಸ್ ತನ್ನಿ.